ಜಿಂಕೆ ಬೇಟೆ ಸೀಸನ್ನಲ್ಲಿ ಅಪಲಾಚಿಯನ್ ಟ್ರೇಲ್: ಮಂಕಿ ಟೋಪಿ ಮನೇಲೇ ಬಿಟ್ಟು ಹೋಗಿ

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಪೆನ್ಸಿಲ್ವೇನಿಯಾ ಕಡೆ ಟೆಂಟ್ ಹೊತ್ಕೊಂಡು ಹೋಗ್ಬೇಕು ಅಂತಿರೋ ನ್ಯೂಜೆರ್ಸಿ ಕನ್ನಡದೋರಿಗೆ ಇದು. 2024ರ ನವೆಂಬರ್ ಕೊನೇಲಿ ನಾನೂ ನನ್ನ ಸ್ನೇಹಿತನೂ ಪೋರ್ಟ್ ಕ್ಲಿಂಟನ್ನಿಂದ ಪಿನಾಕಲ್ ಬೆಟ್ಟದ ಕಡೆಗೆ ಅಪಲಾಚಿಯನ್ ಟ್ರೇಲ್ ಅನ್ನೋ ಉದ್ದದ ಚಾರಣದ ದಾರೀಲಿ ಒಂದು ರಾತ್ರಿ ಇದ್ದು ಬರೋಣ ಅಂತ ಹೊರಟ್ವಿ. ಬೇಟೆ ಸೀಸನ್ ಅಂತ ಗೊತ್ತಿತ್ತು, ಆದ್ರೆ ಗೊತ್ತಿರೋದು ಬೇರೆ, ಅರ್ಥ ಆಗೋದು ಬೇರೆ ನೋಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಹುಟ್ಟಿದ ನಮಗೆ ಕಾಡು ಅಂದ್ರೆ ಬೇಟೆ ನಿಷೇಧ ಅಂತ್ಲೇ ತಲೇಲಿ ಕೂತಿರುತ್ತೆ. ಇಲ್ಲಿ ಬೋರ್ಡಲ್ಲಿ ವೈಲ್ಡರ್ನೆಸ್ ಅಂತ ಇದ್ರೆ ಅಭಯಾರಣ್ಯ ಅಂದ್ಕೋಬೇಡಿ, ನ್ಯಾಷನಲ್ ಫಾರೆಸ್ಟಿನ ವೈಲ್ಡರ್ನೆಸ್ಸಲ್ಲೂ ಬಂದೂಕು ಹಿಡ್ಕೊಂಡು ಓಡಾಡ್ತಾರೆ. ಪೆನ್ಸಿಲ್ವೇನಿಯಾದ ಸ್ಟೇಟ್ ಗೇಮ್ ಲ್ಯಾಂಡ್ಸ್ ಅನ್ನೋ ಸರ್ಕಾರಿ ಬೇಟೆ ಕಾಡುಗಳಂತೂ ಬೇಟೆಗಾರರ ಲೈಸೆನ್ಸ್ ದುಡ್ಡಲ್ಲಿ ಬೆಳೆದು ಬಂದಿರೋ ಜಾಗ, ಸುಮಾರು 15 ಲಕ್ಷ ಎಕರೆ, ಟ್ರೇಲು ಅದರೊಳಗೇ ಹಾದು ಹೋಗುತ್ತೆ. ಅಲ್ಲಿ ನಾವೇ ಅತಿಥಿಗಳು.

ಮೊದಲು ಬೈಯೋದು ಬೈದು ಬಿಡ್ತೀನಿ. ಶುಕ್ರವಾರ ರಾತ್ರಿ ಹ್ಯಾಂಬರ್ಗ್ ಹತ್ರ ಹೈವೇ ಪಕ್ಕದ ಒಂದು ಮೋಟೆಲ್. ಬೇರೆ ವಾರ 70 ಡಾಲರ್‌ಗೆ ಸಿಕ್ಕಿದ್ದ ಅದೇ ರೂಮಿಗೆ 165 ಅಂದ್ರು, ಯಾಕೆ ಅಂದ್ರೆ "ನಾಳೆ ಬಕ್ ಸೀಸನ್ ಮೊದಲ ದಿನ" ಅಂತ, ಬಕ್ ಅಂದ್ರೆ ಗಂಡು ಜಿಂಕೆ. ಸರಿ ಅಂತ ಕೊಟ್ವಿ. ಹೀಟರ್ ಹಾಕಿದ್ರೆ ಲಾರಿ ಸ್ಟಾರ್ಟ್ ಆದಂಗೆ ಸದ್ದು, ಆಫ್ ಮಾಡಿದ್ರೆ ಹಲ್ಲು ಕಟಕಟ, ಕಾರ್ಪೆಟ್ ಮೇಲೆ ಯಾರದೋ ಬೂಟಿನ ಕೆಸರು, ರಾತ್ರಿ ಎರಡೂವರೆಯಿಂದ ಪಿಕಪ್ ಟ್ರಕ್ಕುಗಳ ಬಾಗಿಲು ಡಬ್ ಡಬ್. ಒಂದು ಗಂಟೆ ನಿದ್ದೆ ಬಂದಿದ್ರೆ ಹೆಚ್ಚು. ದಯವಿಟ್ಟು ಆ ರಾತ್ರಿ ಅಲ್ಲಿ ರೂಮ್ ಮಾಡ್ಬೇಡಿ, ಎಡಿಸನ್ನಿಂದ ಬೆಳಗಿನ ಜಾವ ಎದ್ದು ಬಂದ್ರೂ ಇದಕ್ಕಿಂತ ವಾಸಿ.

ಆದ್ರೆ ನಿದ್ದೆ ಬರ್ದೇ ಇದ್ದಿದ್ದಕ್ಕೆ ಒಂದು ಲಾಭ ಆಯ್ತು. ನಾಲ್ಕೂಕಾಲಿಗೇ ಎದ್ದು ಕಾಫಿ ಹುಡುಕ್ತಾ ಹೋದಾಗ ಒಂದು ಫೈರ್ ಸ್ಟೇಷನ್ ಮುಂದೆ "ಹಂಟರ್ಸ್ ಬ್ರೇಕ್‌ಫಾಸ್ಟ್" ಅಂತ ಕೈಬರಹದ ಬೋರ್ಡು. ಇಲ್ಲಿ ಊರೂರಲ್ಲೂ ವಾಲಂಟಿಯರ್ ಫೈರ್ ಕಂಪನಿಗಳು ಹಣ ಕೂಡಿಸೋಕೆ ಹೀಗೆ ತಿಂಡಿ ಮಾಡ್ತವೆ. ತಲೆಗೆ 10 ಡಾಲರ್, ಎಷ್ಟು ಬೇಕಾದ್ರೂ ಹಾಕಿಸ್ಕೊಳಿ! ಒಳಗೆ ನಮ್ಮ ಕಡೆ ಮದುವೆ ಊಟದ ಪಂಕ್ತಿ ಥರ ಉದ್ದ ಟೇಬಲ್ಲು, ಅಜ್ಜಿಯರು ಬಡಿಸ್ತಿದ್ರು, ಪ್ಯಾನ್‌ಕೇಕು ನಮ್ಮ ಸೆಟ್ ದೋಸೆಯಷ್ಟು ದಪ್ಪ ಮೆತ್ತಗೆ, ಈರುಳ್ಳಿ ಹಾಕಿ ಅಂಚು ಕರುಮ್ ಅನ್ನೋ ಹಾಗೆ ಹುರಿದ ಆಲೂಗಡ್ಡೆ, ಜತೆಗೆ ಆಪಲ್ ಬಟರ್, ಅದರಲ್ಲಿ ಬೆಣ್ಣೆ ಇಲ್ಲ, ಸೇಬನ್ನ ಚಕ್ಕೆ ಲವಂಗ ಹಾಕಿ ಕಪ್ಪಾಗೋವರೆಗೆ ಕುದಿಸಿರೋ ಗೊಜ್ಜು ಅಂದ್ಕೊಳಿ. ಟೋಸ್ಟಿಗೆ ಸವರಿ ನಾಲ್ಕು ಸಲ ತಿಂದೆ. ಐದನೇದಕ್ಕೆ ಅಜ್ಜಿ ಕೇಳ್ದೇನೇ ಹಾಕಿದ್ರು. ಸ್ಕ್ರಾಪಲ್ ಅಂತ ಒಂದು ಬಿಲ್ಲೆ ಬರುತ್ತೆ, ಹಂದಿ, ಸಸ್ಯಾಹಾರಿಗಳು ಬೇಡ ಅನ್ನಿ. ನನ್ನ ಸ್ನೇಹಿತ ಕೊಡಗಿನೋನು, ಅವನು ಎರಡು ಹಾಕಿಸ್ಕೊಂಡು ಪಕ್ಕದೋರ ಜತೆ ಬಂದೂಕಿನ ಮಾತಿಗೇ ಇಳಿದುಬಿಟ್ಟ.

ಆರೂವರೆ ಆಗ್ತಿದ್ದಂಗೆ ಮೊದಲ ಗುಂಡು. ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚಿಂದ ಮುಳುಗಿ ಅರ್ಧ ಗಂಟೆವರೆಗೆ ಹೊಡೀಬಹುದು ಅನ್ನೋದು ರೂಲು. ಮಬ್ಬು ಬೆಳಕಲ್ಲೇ ಜಿಂಕೆ ಓಡಾಡೋದು, ಮನುಷ್ಯ ಸರಿಯಾಗಿ ಕಾಣದಿರೋದೂ ಆಗ್ಲೇ, ಅದಕ್ಕೆ ನಾವು ಎಂಟು ಗಂಟೆ ಮೇಲೇ ಹತ್ತೋಕೆ ಶುರು ಮಾಡಿದ್ದು.

ಒಂದು ಮೈಲಿ ದಾಟಿರ್ಬೇಕು, ತಲೆ ಮೇಲಿಂದ ಯಾರೋ ಕೆಮ್ಮಿದ್ರು. ನೋಡಿದ್ರೆ ಮರದಲ್ಲಿ ಕಟ್ಟಿರೋ ಕುರ್ಚಿ ಮೇಲೆ ಒಬ್ರು ಅಜ್ಜ, ತೊಡೆ ಮೇಲೆ ರೈಫಲ್ಲು. ಪಿಸುಮಾತಲ್ಲಿ ನನ್ನ ತಲೆ ತೋರಿಸಿ "ಅದನ್ನ ತೆಗಿ" ಅಂದ್ರು. ನಾನು ಹಾಕಿದ್ದು ಅಮ್ಮ ಹೆಣೆದ ಕಂದು ಮಂಕಿ ಟೋಪಿ! ಆಮೇಲೆ ನನ್ನ ಬ್ಯಾಗಿಗೆ ಒಣಗೋಕೆ ಸಿಕ್ಕಿಸಿದ್ದ ಬಿಳಿ ಟವೆಲ್ ತೋರಿಸಿದ್ರು. ಅಲ್ಲಿಯ ಜಿಂಕೆ ಹೆದರಿದಾಗ ಬಾಲ ಎತ್ತುತ್ತೆ, ಅದರ ಕೆಳಗಡೆ ಬಿಳಿ. ಅಂದ್ರೆ ನಾನು ಕಂದು ತಲೆ, ಬಿಳಿ ಬಾಲ ಇಟ್ಕೊಂಡು ಪೊದೆಯೊಳಗೆ ಅಲ್ಲಾಡ್ತಾ ಬರ್ತಿದ್ದೆ. ಕೊಡಗಿನೋನು "ಸಾಯೋಕೆ ಬೇರೆ ದಾರಿ ಇಲ್ವಾ ಮಾರಾಯಾ" ಅಂತ ನಕ್ಕ, ಆದ್ರೆ ಅವನ ಮುಖಾನೂ ಬಿಳಚಿಕೊಂಡಿತ್ತು.

ನಾನು ಬೇಟೆಗಾರರ ಕಣ್ಣಿಗೆ ಬೀಳೋ ಕಿತ್ತಳೆ ವೆಸ್ಟ್ ಹಾಕಿರ್ಲಿಲ್ಲ ಅಂತಲ್ಲ, ಹಾಕಿದ್ದೆ, ಆದ್ರೆ ಅದರ ಮೇಲೆ 50 ಲೀಟರಿನ ಬೂದು ಬ್ಯಾಗ್ ಕೂತ್ರೆ ಹಿಂದಿನಿಂದ ವೆಸ್ಟ್ ಎಲ್ಲಿ ಕಾಣುತ್ತೆ? ಹಾಗಾಗಿ ಬ್ಯಾಗಿಗೇ ಕಿತ್ತಳೆ ರೇನ್ ಕವರ್ ಹಾಕಿ. ಗೇಮ್ ಲ್ಯಾಂಡ್ಸಲ್ಲಿ ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಬೇಟೆ ಆಡದೇ ಇರೋರೂ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು, ಇಲ್ಲಾಂದ್ರೆ ಕಿತ್ತಳೆ ಟೋಪಿ, ಹಾಕ್ಲೇಬೇಕು ಅಂತ ನಿಯಮ. ಮನೇಲಿರೋ ಕೇಸರಿ ಶಾಲು ಸಾಕು ಅಂತ ಹೊದ್ಕೊಂಡು ಬರ್ಬೇಡಿ, ಕಣ್ಣಿಗೆ ಕುಕ್ಕೋ ಫ್ಲೋರೊಸೆಂಟ್ ಬಣ್ಣವೇ ಆಗ್ಬೇಕು.

ಇನ್ನೊಂದು ಮೋಸ ಹೋಗಿದ್ದು ಭಾನುವಾರದ ವಿಷಯದಲ್ಲಿ. "ಭಾನುವಾರ ಅಲ್ಲಿ ಬೇಟೆ ಇಲ್ಲ, ಆರಾಮಾಗಿ ಹೋಗಿ" ಅಂತ ಗೊತ್ತಿರೋರೊಬ್ರು ಗ್ಯಾರಂಟಿ ಕೊಟ್ಟಿದ್ರು. ಅದು ಹಳೇ ಕಾಲದ ಮಾತು. ನಾವು ಪುಲ್ಪಿಟ್ ರಾಕ್ ಮೇಲೆ ಕೂತು ಅವಲಕ್ಕಿ ತಿಂತಿದ್ದ ಡಿಸೆಂಬರ್ 1 ಭಾನುವಾರಾನೇ, ಅವತ್ತೂ ಪರ್ಮಿಶನ್ ಇತ್ತು, ಕೆಳಗಿನ ಕಣಿವೇಲಿ ಢಂ ಢಂ. 2025ರಲ್ಲಂತೂ ಭಾನುವಾರದ ಹಳೇ ನಿಷೇಧವನ್ನೇ ತೆಗೆದಿದ್ದಾರೆ, ಹೋಗೋ ಮುಂಚೆ ಆ ವರ್ಷದ ಕ್ಯಾಲೆಂಡರ್ ನೀವೇ ನೋಡ್ಕೊಳಿ.

ಕ್ಯಾಂಪಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಿಂಡ್ಸರ್ ಫರ್ನೆಸ್ ಶೆಲ್ಟರ್ ಹತ್ರ ಟೆಂಟ್ ಹಾಕಿದ್ವಿ, ಬೇರೆ ಯಾರೂ ಇರ್ಲಿಲ್ಲ, ನನಗೆ ಜನ ಇಲ್ದಿದ್ರೇ ಇಷ್ಟ, ನಿಮಗೆ ಭಯ ಆಗ್ಬಹುದು. ನಾಲ್ಕೂ ಮುಕ್ಕಾಲಿಗೆಲ್ಲಾ ಕತ್ತಲು, ಮೂರೂವರೆಗೇ ಟೆಂಟ್ ನಿಂತಿರ್ಲಿ. ನೀರಿನ ಫಿಲ್ಟರ್ ರಾತ್ರಿ ಸ್ಲೀಪಿಂಗ್ ಬ್ಯಾಗೊಳಗೆ ಇಟ್ಕೊಳಿ, ಹೆಪ್ಪುಗಟ್ಟಿದ್ರೆ ಒಳಗಿನ ಎಳೆ ಒಡೆದು ಕೆಲಸಕ್ಕೆ ಬಾರದಂಗೆ ಆಗುತ್ತೆ, ಹೊರಗಿಂದ ಗೊತ್ತೂ ಆಗಲ್ಲ. ಗುಂಡಿನ ಸದ್ದೇ ಬೇಡ ಅನ್ನೋರು, ಮಕ್ಕಳಿರೋರು, ವರ್ಜೀನಿಯಾದ ಶೆನಂಡೋವಾ ನ್ಯಾಷನಲ್ ಪಾರ್ಕಿಗೆ ಹೋಗಿ, ಅದರೊಳಗೆ ಬೇಟೆ ಇಲ್ಲ.

ನನ್ನ ಹತ್ರ ಈಗ ಎರಡು ವೆಸ್ಟು, ಒಂದು ಬ್ಯಾಗ್ ಕವರ್ ಇದೆ. ಎಡಿಸನ್ ಕಡೆಯೋರು ಕೇಳಿದ್ರೆ ಕೊಡ್ತೀನಿ, ವಾಪಸ್ ಕೊಡೋವಾಗ ಒಗೆದು ಕೊಡಿ, ಹೋದ ಸಲ ತಗೊಂಡೋರು ಜೇಬಲ್ಲಿ ಚಕ್ಕುಲಿ ಪುಡಿ ಬಿಟ್ಟು ಕೊಟ್ಟಿದ್ರು.