ವರ್ಷದ ಹಾಳೆಯಲ್ಲಿ ಮೇ ತಿಂಗಳು

ಇಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುಳಿತು ಮುಂದಿನ ವರ್ಷದ ಆಪ್ತಸಮಾಲೋಚನಾ ಕಾರ್ಯಕ್ರಮದ ಹಾಳೆಯನ್ನು ಪೆನ್ಸಿಲಿನಲ್ಲಿ ತುಂಬುತ್ತಿದ್ದೆ. ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಸೇರಿದವರೊಂದಿಗೆ ಮಾತುಕತೆ, ದಸರಾ ರಜೆಯ ನಂತರ ಪೋಷಕರ ಸಭೆ, ಜನವರಿಯಲ್ಲಿ ಪರೀಕ್ಷಾ ಭಯ, ಎಲ್ಲವೂ ಸಲೀಸಾಗಿ ಕೂತವು. ಏಪ್ರಿಲ್, ಮೇ ಸಾಲುಗಳಿಗೆ ಎಂದಿನಂತೆ ಅಡ್ಡಗೆರೆ ಎಳೆದು ‘ಬೇಸಿಗೆ ರಜೆ’ ಎಂದು ಬರೆದೆ.

ಖಾಲಿ ಟೀ ಲೋಟ ತೆಗೆದುಕೊಳ್ಳಲು ಬಂದ ಅಟೆಂಡರ್ ಹಾಳೆಯನ್ನು ಬಗ್ಗಿ ನೋಡಿ, “ರಿಸಲ್ಟ್ ಬರೋದು ಮೇ ತಿಂಗಳಲ್ಲಲ್ವಾ ಮೇಡಂ?” ಎಂದರು. ಅಷ್ಟೇ ಹೇಳಿ ಹೊರಟುಹೋದರು.

ಹೌದು. ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲಿ ಬಂದದ್ದು ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ವರ್ಷವಿಡೀ ಧೈರ್ಯ ಹೇಳಿದ ನಾವು, ಮಗುವೊಂದು ಮೊಬೈಲಿನಲ್ಲಿ ತನ್ನ ನೋಂದಣಿ ಸಂಖ್ಯೆ ಒತ್ತಿ ಉಸಿರು ಬಿಗಿಹಿಡಿದು ಕುಳಿತಿರುವ ಆ ಒಂದು ಬೆಳಿಗ್ಗೆ ಮಾತ್ರ ಶಾಲೆಗೆ ಬೀಗ ಹಾಕಿ ಊರಿಗೆ ಹೋಗಿರುತ್ತೇವೆ. ಫೇಲಾದರೂ ಮತ್ತೆ ಪರೀಕ್ಷೆ ಬರೆಯಬಹುದು ಎಂಬ ಸರಳ ಸಂಗತಿ ಕೂಡ ಆ ಗಳಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಅಡ್ಡಗೆರೆಯನ್ನು ರಬ್ಬರಿನಿಂದ ಉಜ್ಜಿದೆ. ಗುರುತು ಪೂರ್ತಿ ಹೋಗಲಿಲ್ಲ. ಫಲಿತಾಂಶದ ದಿನವೂ ಮರುದಿನವೂ ಕೊಠಡಿ ತೆರೆದಿರಬೇಕು, ಹತ್ತನೆಯವರೆಲ್ಲರ ಡೈರಿಯಲ್ಲಿ ಮಾರ್ಚ್‌ನಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆಸಬೇಕು ಎಂದು ಅದರ ಮೇಲೆಯೇ ಬರೆದಿದ್ದೇನೆ. ಕೊಠಡಿಯ ಕೀಲಿಗಾಗಿ ನಾಳೆ ಮುಖ್ಯೋಪಾಧ್ಯಾಯರನ್ನು ಕೇಳಬೇಕು.