ಮೊದಲು ರಾತ್ರಿಗಳು, ಆಮೇಲೆ ದಾರಿ

ನಕ್ಷೆಯಲ್ಲಿ ನೋಡಿದರೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಅಂಥ ವಿಶಾಲವಾದ ಪ್ರದೇಶವೇನಲ್ಲ. ದೇಶದ ನೈರುತ್ಯ ಮೂಲೆಯಲ್ಲಿ, ರೈನ್ ನದಿಯ ಬಯಲಿಗೆ ಅಂಟಿಕೊಂಡಂತೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ಚಾಚಿರುವ ಈ ಬೆಟ್ಟಸಾಲನ್ನು, ಬೆಳಿಗ್ಗೆ ಕಾರಿನಲ್ಲಿ ಹೊರಟವರು ಸಂಜೆಯೊಳಗೆ ದಾಟಿಬಿಡಬಹುದು. ಕಾರ್ಲ್ಸ್‌ರೂಹೆಯಲ್ಲಿ ನೆಲೆಸಿರುವ ನಾವು ಹಾಗೆ ಹೋಗಿ ಬಂದದ್ದೂ ಉಂಟು. ಆದರೆ ಅಪ್ಪ, ಅಮ್ಮ ಊರಿನಿಂದ ಬಂದು ನಮ್ಮೊಡನೆ ಇದ್ದ ವರ್ಷ, ದಿನಕ್ಕೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಕಷ್ಟವಿಲ್ಲದೆ, ಕಾಡಿನ ನಡುವೆ ನಿಧಾನವಾಗಿ ಕೆಲವು ದಿನ ಕಳೆಯಬೇಕೆಂಬ ಆಸೆಯಿಂದ ಒಳಗೇ ಹಾಸಿಗೆ, ಅಡುಗೆ, ಶೌಚದ ವ್ಯವಸ್ಥೆಯಿರುವ ಮೋಟರ್‌ಹೋಮ್ ವಾಹನವೊಂದನ್ನು ಬಾಡಿಗೆಗೆ ಗೊತ್ತುಮಾಡಿದೆವು. ಅದರ ಯೋಜನೆಗೆಂದು ನಾಲ್ವರೂ ಊಟದ ಮೇಜಿನ ಸುತ್ತ ಕುಳಿತದ್ದು ಒಂದು ಭಾನುವಾರ. ಇಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲವಾದ್ದರಿಂದ ಇಡೀ ದಿನ ನಮ್ಮದಾಗಿತ್ತು, ಮತ್ತು ಕೊನೆಗೆ ಇಡೀ ದಿನವೂ ಬೇಕಾಯಿತು.

ಕಾಲ ಯಾವುದೆಂಬುದು ಬೇಗ ತೀರ್ಮಾನವಾಯಿತು. ಬಾಡನ್-ವುರ್ಟೆಂಬರ್ಗ್ ರಾಜ್ಯದ ಶಾಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೆಯ ವಾರದ ಆಸುಪಾಸಿನವರೆಗೆ ಬೇಸಿಗೆ ರಜೆ ಇರುತ್ತದೆ. ಆ ವಾರಗಳಲ್ಲಿ ಕೆರೆದಂಡೆಯ ಕ್ಯಾಂಪ್‌ಸೈಟುಗಳಲ್ಲಿ, ಅಂದರೆ ಇಂಥ ವಾಹನಗಳು ರಾತ್ರಿ ತಂಗುವ ತಾಣಗಳಲ್ಲಿ, ಜಾಗ ಸಿಗುವುದು ಕಷ್ಟ, ವಾಹನದ ಬಾಡಿಗೆಯೂ ಹೆಚ್ಚು. ನವೆಂಬರ್ ಬಂತೆಂದರೆ ಹಲವು ತಾಣಗಳು ಬಾಗಿಲು ಹಾಕುತ್ತವೆ, ಎತ್ತರದ ರಸ್ತೆಗಳಲ್ಲಿ ಹಿಮ ಬೀಳುವ ಸಾಧ್ಯತೆಯೂ ಇರುತ್ತದೆ. ಹೀಗಾಗಿ ಸೆಪ್ಟೆಂಬರ್ ಕೊನೆಯ ಭಾಗವೇ ಸರಿ ಎಂದುಕೊಂಡೆವು. ರಾತ್ರಿ ಚಳಿ ಇರುತ್ತದೆ, ನಿಜ. ಆದರೆ ವಾಹನದಲ್ಲಿ ಗ್ಯಾಸಿನಿಂದ ನಡೆಯುವ ಹೀಟರ್ ಇರುವುದರಿಂದ ಅಮ್ಮನ ಮುಖ್ಯ ಆತಂಕ ಅಲ್ಲಿಗೆ ಮುಗಿಯಿತು.

ಅಪ್ಪ ಪೆನ್ಸಿಲ್ ಹಿಡಿದು ಕಾಗದದ ನಕ್ಷೆಯ ಮೇಲೆ ನೋಡಬೇಕಾದ ಸ್ಥಳಗಳನ್ನು ಗುರುತು ಹಾಕತೊಡಗಿದರು. ಎಲ್ಲರೂ ಸಾಮಾನ್ಯವಾಗಿ ಆರಂಭಿಸುವುದು ಅಲ್ಲಿಂದಲೇ. ಮೋಟರ್‌ಹೋಮಿನ ವಿಷಯದಲ್ಲಿ ಮಾತ್ರ ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಎಲ್ಲಿ ತಂಗುತ್ತೇವೆ ಎಂಬುದು ಮೊದಲು ನಿಶ್ಚಯವಾದರೆ ಹಗಲಿನ ದಾರಿ ತಾನಾಗಿ ರೂಪುಗೊಳ್ಳುತ್ತದೆ. ಹಗಲಿನಿಂದ ಆರಂಭಿಸಿದರೆ, ಸಂಜೆ ಆರು ಗಂಟೆಗೆ ಕಾಡಿನ ಘಾಟಿಯ ಮೇಲೆ ಏಳು ಮೀಟರ್ ಉದ್ದದ ವಾಹನ ಹಿಡಿದುಕೊಂಡು ಜಾಗ ಹುಡುಕುವ ಸ್ಥಿತಿ ಬರುತ್ತದೆ.

ಇದಕ್ಕೆ ಇಲ್ಲಿನ ನಿಯಮಗಳೂ ಕಾರಣ. ಫಲಕ ಹಾಕಿ ನಿಷೇಧಿಸಿಲ್ಲದ ಸಾರ್ವಜನಿಕ ಪಾರ್ಕಿಂಗ್ ಜಾಗದಲ್ಲಿ, ದಣಿದ ಚಾಲಕ ಮತ್ತೆ ವಾಹನ ನಡೆಸುವಷ್ಟು ಸುಧಾರಿಸಿಕೊಳ್ಳಲೆಂದು ಒಂದು ರಾತ್ರಿ ಮಲಗುವುದನ್ನು ಜರ್ಮನಿಯಲ್ಲಿ ಒಪ್ಪುತ್ತಾರೆ; ಆದರೆ ಹೊರಗೆ ಮೇಜು ಕುರ್ಚಿ ಹಾಕುವಂತಿಲ್ಲ, ಚಪ್ಪರದ ಬಟ್ಟೆ ಬಿಚ್ಚುವಂತಿಲ್ಲ, ಅದನ್ನು ಪ್ರವಾಸದ ಬಿಡಾರ ಮಾಡಿಕೊಳ್ಳುವಂತಿಲ್ಲ. 2014ರಲ್ಲಿ ಸುಮಾರು 10,000 ಹೆಕ್ಟೇರ್ ವಿಸ್ತಾರದೊಡನೆ ಸ್ಥಾಪನೆಯಾದ ಬ್ಲ್ಯಾಕ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದೊಳಗೆ ವಾಹನದಲ್ಲಿ ರಾತ್ರಿ ಕಳೆಯುವ ಮಾತೇ ಇಲ್ಲ. ಉಳಿಯುವ ದಾರಿ ಎರಡು: ಸ್ನಾನಗೃಹ, ವಿದ್ಯುತ್, ಕಾರ್ಯಾಲಯ ಎಲ್ಲವೂ ಇರುವ ಕ್ಯಾಂಪ್‌ಸೈಟ್, ಅಥವಾ ಊರೂರಿನ ಆಡಳಿತಗಳು ಮೋಟರ್‌ಹೋಮುಗಳಿಗೆಂದೇ ಬಿಟ್ಟಿರುವ, ಸೌಕರ್ಯ ಕಡಿಮೆಯಾದರೂ ಖರ್ಚೂ ಕಡಿಮೆ ಇರುವ ‘ಸ್ಟೆಲ್‌ಪ್ಲಾಟ್ಸ್’ ಎಂಬ ನಿಲುಗಡೆ. ಹಿರಿಯರು ಜೊತೆಗಿದ್ದುದರಿಂದ ಹೆಚ್ಚಿನ ರಾತ್ರಿಗಳಿಗೆ ನಾವು ಮೊದಲನೆಯದನ್ನೇ ಆರಿಸಿದೆವು. ಅನೇಕ ಕ್ಯಾಂಪ್‌ಸೈಟುಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ವಿಶ್ರಾಂತಿಯ ಸಮಯವೆಂದು ಗೇಟು ಮುಚ್ಚಿರುತ್ತಾರೆ, ಸಂಜೆ ಕಾರ್ಯಾಲಯವೂ ಬೇಗ ಮುಚ್ಚುತ್ತದೆ. ಆದ್ದರಿಂದ ಪ್ರತಿದಿನ ಮೂರರಿಂದ ಐದು ಗಂಟೆಯೊಳಗೆ ತಲುಪಬೇಕೆಂದು ಪಟ್ಟಿಯ ನೆತ್ತಿಯಲ್ಲೇ ಬರೆದುಕೊಂಡೆ. ಈ ಒಂದು ಸಾಲು ಹಾಕಿದ ಕೂಡಲೇ ಅಪ್ಪನ ಗುರುತುಗಳಲ್ಲಿ ಅರ್ಧದಷ್ಟು ಅಳಿಸಿಹೋದವು.

“ಇಷ್ಟು ದೂರ ಬಂದು ಅರ್ಧ ಬಿಟ್ಟು ಹೋಗುವುದೇನಮ್ಮ?” ಎಂದು ಅವರು ಬೇಸರಪಟ್ಟುಕೊಂಡರು.

“ಮಾವ, ಉಳಿದ ಅರ್ಧವನ್ನು ಕಿಟಕಿಯಿಂದ ನೋಡಿಕೊಂಡು ಹೋಗುವುದಿಲ್ಲ, ಇಳಿದು ನೋಡುತ್ತೇವೆ” ಎಂದರು ನನ್ನ ಪತಿ. ಅಪ್ಪ ಒಪ್ಪಿದರು, ಆದರೆ ಅಳಿಸಿದ ಜಾಗಗಳ ಹೆಸರುಗಳನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟುಕೊಂಡರು.

ಆ ದಿನದ ಹೆಚ್ಚಿನ ಹೊತ್ತನ್ನು ತಿಂದದ್ದು ತೂಕದ ಲೆಕ್ಕ. ಸಾಮಾನ್ಯ ಕಾರಿನ ಲೈಸೆನ್ಸ್, ಅಂದರೆ ಬಿ ವರ್ಗದ್ದು, ಇರುವವರು ಇಲ್ಲಿ ಒಟ್ಟು 3,500 ಕಿಲೋ ಮಿತಿಯ ವಾಹನವನ್ನು ಮಾತ್ರ ನಡೆಸಬಹುದು. ಬಾಡಿಗೆಗೆ ಸಿಗುವ ಬಹುಪಾಲು ಮೋಟರ್‌ಹೋಮುಗಳು ಈ ಮಿತಿಯ ಅಂಚಿಗೇ ಬಂದು ನಿಲ್ಲುವಂಥವು. ನಮ್ಮ ವಾಹನದ ಕಾಗದದಲ್ಲಿ ಓಡಲು ಸಿದ್ಧವಾದ ಸ್ಥಿತಿಯ ತೂಕ 2,960 ಕಿಲೋ ಎಂದಿತ್ತು. ಚಾಲಕನಿಗೆಂದು 75 ಕಿಲೋ, ಟ್ಯಾಂಕಿನ ಬಹುಪಾಲು ಇಂಧನ ಇವೆಲ್ಲ ಅದರಲ್ಲೇ ಸೇರಿರುತ್ತವೆ. ಉಳಿಯುವುದು 540 ಕಿಲೋ, ಕೇಳಲು ಬಹಳವೆನಿಸುತ್ತದೆ. ಅದರಲ್ಲಿ ಉಳಿದ ಮೂವರ ತೂಕ ಕಳೆದರೆ 345. ಹೊರಚಪ್ಪರ, ಸೈಕಲ್ ಕಟ್ಟುವ ಚೌಕಟ್ಟು, ಮಡಚುವ ಮೇಜು ಕುರ್ಚಿಗಳು ಸೇರಿ ಸುಮಾರು 80 ಹೋದರೆ 265. ಕುಡಿಯುವ, ತೊಳೆಯುವ ನೀರಿನ ಟ್ಯಾಂಕ್ ನೂರು ಲೀಟರಿನದು. ತುಂಬಿಸಿದರೆ ನೂರು ಕಿಲೋ ಅಲ್ಲಿಗೇ ಹೋಯಿತು. ಎರಡನೆಯ ಗ್ಯಾಸ್ ಸಿಲಿಂಡರ್, ವಿದ್ಯುತ್ ಕೇಬಲ್, ನೀರಿನ ಪೈಪು ಇವಕ್ಕೆ 35. ಕೊನೆಗೆ ಹಾಸಿಗೆ ಹೊದಿಕೆ, ಬಟ್ಟೆ, ಪಾತ್ರೆ, ದಿನಸಿ ಎಲ್ಲಕ್ಕೂ ಸೇರಿ ಉಳಿದದ್ದು 130 ಕಿಲೋ.

ಅಮ್ಮ ಆಗಲೇ ತಮ್ಮ ಪಟ್ಟಿ ಸಿದ್ಧಮಾಡಿದ್ದರು. ಸ್ನಾನದ ಕೋಣೆಯ ತೂಕದ ಯಂತ್ರವನ್ನು ಮೇಜಿನ ಪಕ್ಕಕ್ಕೆ ತಂದಿಟ್ಟು, ಕುಕ್ಕರ್, ಬಾಣಲೆ, ಅಕ್ಕಿ ಬೇಳೆಯ ಡಬ್ಬಿಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಅದನ್ನು ಎತ್ತಿಕೊಂಡು ನಾನೇ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆದು ಬರೆದುಕೊಂಡೆ. ಪೆಟ್ಟಿಗೆ ಹದಿನೆಂಟು ಕಿಲೋ ತೂಗಿತು. ಅಮ್ಮ ಅದರಲ್ಲಿ ಏನನ್ನೂ ತೆಗೆಯಲಿಲ್ಲ, ಅದರ ಬದಲು, “ಹೋದಲ್ಲೆಲ್ಲ ನಲ್ಲಿ ಇರುತ್ತದೆ ಅಂತೀಯ, ಮತ್ತೆ ನೀರನ್ನು ಯಾಕೆ ಹೊತ್ತುಕೊಂಡು ತಿರುಗಬೇಕು?” ಎಂದು ಕೇಳಿದರು. ಅದು ಆ ದಿನದ ಅತ್ಯಂತ ಉಪಯುಕ್ತವಾದ ಪ್ರಶ್ನೆ. ಪ್ರತಿ ರಾತ್ರಿ ನೀರು ಸಿಗುವ ಜಾಗದಲ್ಲೇ ತಂಗುವವರಿಗೆ ಟ್ಯಾಂಕ್ ಅರ್ಧ ತುಂಬಿದ್ದರೆ ಸಾಕು. ಐವತ್ತು ಕಿಲೋ ಉಳಿಯುತ್ತದೆ. ಸೈಕಲ್ಲುಗಳನ್ನು ಮನೆಯಲ್ಲೇ ಬಿಡುವುದೆಂದು ಅದರ ಹಿಂದೆಯೇ ತೀರ್ಮಾನಿಸಿದೆವು. ಮಿತಿ ಮೀರಿದರೆ ದಂಡ ಬೀಳುತ್ತದೆ ಎಂಬುದಕ್ಕಿಂತ, ಉದ್ದನೆಯ ಇಳಿಜಾರಿನಲ್ಲಿ ಭಾರದ ವಾಹನದ ಬ್ರೇಕ್ ಕಾಯುವುದು ನನಗೆ ಹೆಚ್ಚು ಭಯದ ಸಂಗತಿ. ಬೆಟ್ಟ ಹತ್ತುವಾಗ ಬಳಸಿದ ತಗ್ಗಿನ ಗೇರಿನಲ್ಲೇ ಇಳಿದು, ಎಂಜಿನ್ನೇ ವೇಗವನ್ನು ತಡೆಯುವಂತೆ ಮಾಡಿದರೂ ತೂಕ ತನ್ನ ಕೆಲಸ ಮಾಡಿಯೇ ತೀರುತ್ತದೆ.

ಮಲಗುವ ವ್ಯವಸ್ಥೆಗೂ ಸ್ವಲ್ಪ ಹೊತ್ತು ಹಿಡಿಯಿತು. ಚಾಲಕನ ಆಸನದ ಮೇಲ್ಗಡೆಯ ಹಾಸಿಗೆ ಮನೆಯ ಅಟ್ಟದ ಹಾಗೆ, ಏಣಿಯಿಂದ ಹತ್ತಬೇಕು. ಹಿಂಬದಿಯ ಹಾಸಿಗೆ ತಗ್ಗಿನದು. ಮಂಡಿ ನೋವಿರುವ ಅಪ್ಪ ರಾತ್ರಿ ಏಳಬೇಕಾಗುತ್ತದೆ ಎಂದು ಹಿಂಬದಿಯದನ್ನು ಅವರಿಬ್ಬರಿಗೆ ಬಿಟ್ಟೆವು. ಶೌಚದ ಕ್ಯಾಸೆಟ್ಟನ್ನು, ಅಂದರೆ ಶೌಚದ ಕೊಳೆ ಸೇರುವ, ಹೊರಗೆಳೆಯಬಹುದಾದ ಪೆಟ್ಟಿಗೆಯನ್ನು, ದಿನವೂ ನಿಗದಿತ ಜಾಗದಲ್ಲಿ ಖಾಲಿಮಾಡುವ ಕೆಲಸವನ್ನು ನನ್ನ ಪತಿ ವಹಿಸಿಕೊಂಡರು. ಬಳಸಿದ ನೀರನ್ನೂ ಹಾಗೆಯೇ ನಿಗದಿತ ಗುಂಡಿಗೇ ಬಿಡಬೇಕು. ಕಾಡಿನ ಅಂಚಿನಲ್ಲಿ ಅದರ ಕೊಳಾಯಿ ತಿರುಗಿಸುವುದು ಕಾಡಿಗೆ ಮಾಡುವ ನೇರ ಅಪಚಾರ.

ದಾರಿಯ ಮೊದಲ ಭಾಗದ ಬಗ್ಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ಬಾಡನ್-ಬಾಡನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗೆ ಬೆಟ್ಟದ ನೆತ್ತಿಯಲ್ಲೇ ಸಾಗುವ ಬಿ 500 ಹೆದ್ದಾರಿ ಸುಮಾರು 60 ಕಿಲೋಮೀಟರ್. ನಡುವೆ ಬೇರೆಲ್ಲೂ ನಿಲ್ಲದವರಿಗೆ ಅದು ಒಂದು ಗಂಟೆಯ ದಾರಿಯಾದರೂ ನಾವು ಅದಕ್ಕೆ ಪೂರ್ತಿ ಒಂದು ದಿನ ಕೊಟ್ಟೆವು. ಶನಿವಾರ ಭಾನುವಾರ ಅಲ್ಲಿ ಮೋಟರ್‌ಸೈಕಲ್ಲುಗಳ ಸಾಲೇ ಇರುತ್ತದಾದ್ದರಿಂದ ಆ ದಿನ ಮಂಗಳವಾರ ಬರುವಂತೆ ಹೊಂದಿಸಿದೆವು. 1,036 ಮೀಟರ್ ಎತ್ತರದಲ್ಲಿರುವ ಮುಮ್ಮೆಲ್‌ಸೇ ಕೆರೆಯ ಸುತ್ತಲಿನ ಕಾಲುದಾರಿ ಒಂದು ಕಿಲೋಮೀಟರಿಗೂ ಕಡಿಮೆ, ಹೆಚ್ಚು ಏರಿಳಿತವೂ ಇಲ್ಲ, ಅಪ್ಪ ಸಾವಕಾಶವಾಗಿ ನಡೆಯಬಹುದು. ಅಲ್ಲಿಂದ ಮುಂದೆ ಲೋಥಾರ್ ಪಥ. 1999ರ ಡಿಸೆಂಬರ್ 26ರಂದು ಲೋಥಾರ್ ಎಂಬ ಬಿರುಗಾಳಿ ಈ ಬೆಟ್ಟಗಳ ಮೇಲೆ ಬೀಸಿ ಅಪಾರ ಸಂಖ್ಯೆಯ ಮರಗಳನ್ನು ನೆಲಕ್ಕೆ ಕೆಡವಿತು. ಬಿದ್ದ ಮರಗಳನ್ನು ಎಲ್ಲೆಡೆ ತೆರವುಗೊಳಿಸಿದರೂ ಇಲ್ಲೊಂದು ತುಣುಕನ್ನು ಮಾತ್ರ ಹಾಗೆಯೇ ಬಿಟ್ಟರು. ಮರದ ಹಲಗೆಯ ದಾರಿ, ಮೆಟ್ಟಿಲು, ಏಣಿಗಳ ಮೇಲೆ ನಡೆಯುತ್ತ, ಕೊಳೆಯುತ್ತಿರುವ ಕಾಂಡಗಳ ನಡುವಿನಿಂದ ಹೊಸ ಕಾಡು ತಾನಾಗಿ ಎದ್ದಿರುವುದನ್ನು ನೋಡಬಹುದು. ಬ್ಲ್ಯಾಕ್ ಫಾರೆಸ್ಟಿನಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದೆ ಎನ್ನುವವರಿಗೆ ನಾನು ಜಲಪಾತಗಳನ್ನು ಬಿಟ್ಟು ಇದನ್ನೇ ಹೇಳುತ್ತೇನೆ. ಮೆಟ್ಟಿಲುಗಳಿರುವುದರಿಂದ ಅಪ್ಪ ಆರಂಭದ ಭಾಗವನ್ನಷ್ಟೇ ನೋಡಿ, ವಾಹನದಲ್ಲಿ ಚಹಾ ಕಾಯಿಸಿಕೊಂಡು ಕೂರುವುದೆಂದು ಅವರೇ ಸೂಚಿಸಿದರು.

ಫ್ರಾಯ್ಡನ್‌ಸ್ಟಾಟ್ ದಾಟಿ ದಾರಿ ಕಿನ್ಸಿಗ್ ಕಣಿವೆಗೆ ಇಳಿಯುತ್ತದೆ. ಹಿಂದೆ ಈ ನದಿಯಲ್ಲಿ ಮರದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ರೈನ್ ನದಿಗೆ, ಅಲ್ಲಿಂದ ನೆದರ್ಲೆಂಡ್ಸ್‌ವರೆಗೆ ಸಾಗಿಸುತ್ತಿದ್ದರು. ಈ ಕಣಿವೆಯಲ್ಲಿ ಎರಡು ರಾತ್ರಿ ಒಂದೇ ಜಾಗದಲ್ಲಿ ನಿಲ್ಲುವುದೆಂದು ನಿರ್ಧರಿಸಿದೆವು. ಕಾರಣ, ಹತ್ತಿರದ ಗೂಟಾಖ್‌ನಲ್ಲಿ ಫೋಗ್ಟ್ಸ್‌ಬೌವರ್ನ್‌ಹೋಫ್ ಎಂಬ ಬಯಲು ವಸ್ತುಸಂಗ್ರಹಾಲಯವಿದೆ; 1612ರ ಒಂದು ರೈತನ ಮನೆ ಕಟ್ಟಿದ ಜಾಗದಲ್ಲೇ ನಿಂತಿದೆ, ಮನುಷ್ಯರೂ ದನಕರುಗಳೂ ಹುಲ್ಲೂ ಒಂದೇ ದೊಡ್ಡ ಮಾಡಿನ ಕೆಳಗೆ. ಬೇಸಾಯದ ಮನೆಯಲ್ಲಿ ಬೆಳೆದ ಅಮ್ಮನಿಗೆ ಅದನ್ನು ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಎರಡು ರಾತ್ರಿ ನಿಲ್ಲುವುದಕ್ಕೆ ಇನ್ನೊಂದು ಕಾರಣ ರೈಲು. ಬ್ಲ್ಯಾಕ್ ಫಾರೆಸ್ಟಿನ ನೂರಕ್ಕೂ ಹೆಚ್ಚು ಊರುಗಳಲ್ಲಿ ತಂಗುವ ಪ್ರವಾಸಿಗರಿಗೆ, ಅತಿಥಿ ತೆರಿಗೆಯೊಡನೆ ಕೋನುಸ್ ಎಂಬ ಕಾರ್ಡ್ ಸಿಗುತ್ತದೆ. ಅದನ್ನು ತೋರಿಸಿದರೆ ಆ ಪ್ರದೇಶದ ಸ್ಥಳೀಯ ರೈಲು, ಬಸ್ಸುಗಳಲ್ಲಿ ಟಿಕೆಟ್ ಬೇಕಿಲ್ಲ. ಎಲ್ಲ ಊರುಗಳೂ ಈ ವ್ಯವಸ್ಥೆಯಲ್ಲಿ ಇಲ್ಲದ್ದರಿಂದ ನಮ್ಮ ಕ್ಯಾಂಪ್‌ಸೈಟುಗಳನ್ನು ಆರಿಸುವಾಗ ಇದನ್ನೂ ಒಂದೊಂದಾಗಿ ನೋಡಿಕೊಂಡೆ. ಟ್ರೀಬರ್ಗ್ ಊರಿನಲ್ಲಿ 163 ಮೀಟರ್ ಎತ್ತರದಿಂದ ಹಂತಹಂತವಾಗಿ ಇಳಿಯುವ ಜಲಪಾತಕ್ಕೆ ಜನ ಮುಗಿಬೀಳುತ್ತಾರೆ, ಇಕ್ಕಟ್ಟಾದ ಆ ಊರಿನಲ್ಲಿ ದೊಡ್ಡ ವಾಹನ ನಿಲ್ಲಿಸಲು ಜಾಗ ಹುಡುಕುವುದು ಕಷ್ಟ. ಹೌಸಾಖ್‌ನಿಂದ ರೈಲು ಹಿಡಿದರೆ ಆ ತೊಂದರೆಯೇ ಇಲ್ಲ. 1873ರಲ್ಲಿ ಪೂರ್ಣಗೊಂಡ ಈ ಮಾರ್ಗವನ್ನು ರೂಪಿಸಿದ ಎಂಜಿನಿಯರ್ ರಾಬರ್ಟ್ ಗೆರ್ವಿಗ್, ನೇರವಾಗಿ ಹತ್ತಲಾಗದ ಬೆಟ್ಟವನ್ನು ಸುತ್ತು ಬಳಸುಗಳಿಂದ, ಸುರಂಗದ ಮೇಲೆ ಸುರಂಗ ಕೊರೆದು ಹತ್ತಿಸಿದರು. ಇದೇ ಗೆರ್ವಿಗ್ 1850ರಲ್ಲಿ ಫುರ್ಟ್‌ವಾಂಗನ್‌ನಲ್ಲಿ ಆರಂಭವಾದ ಗಡಿಯಾರ ತಯಾರಿಕೆಯ ಶಾಲೆಯ ಮೊದಲ ನಿರ್ದೇಶಕರೂ ಆಗಿದ್ದರು. ಮರುದಿನ ನಾವು ಹೋಗಬೇಕೆಂದಿದ್ದ ಗಡಿಯಾರಗಳ ವಸ್ತುಸಂಗ್ರಹಾಲಯ ಇರುವುದೂ ಅದೇ ಊರಿನಲ್ಲಿ. ಇದನ್ನು ಓದಿ ಹೇಳಿದಾಗ ಅಪ್ಪ ಪೆನ್ಸಿಲ್ ಕೆಳಗಿಟ್ಟು, ಹಾಗಾದರೆ ಆ ಎರಡು ದಿನಗಳ ಕ್ರಮವನ್ನು ಯಾವ ಕಾರಣಕ್ಕೂ ಬದಲಾಯಿಸಬಾರದೆಂದರು.

ಫುರ್ಟ್‌ವಾಂಗನ್‌ನ ಮೇಲಿನ ಗುಡ್ಡದಲ್ಲಿ ಬ್ರೆಗ್ ತೊರೆ ಹುಟ್ಟುತ್ತದೆ. ಅದರ ನೀರು ಡ್ಯಾನ್ಯೂಬ್ ಸೇರಿ 2,800 ಕಿಲೋಮೀಟರಿಗೂ ಹೆಚ್ಚು ಹರಿದು ಕಪ್ಪು ಸಮುದ್ರ ಮುಟ್ಟುತ್ತದೆ. ಅಲ್ಲೇ ಸಮೀಪದಲ್ಲಿ ಹುಟ್ಟುವ ಎಲ್ಟ್ಸ್ ತೊರೆ ರೈನ್ ಸೇರಿ ಉತ್ತರ ಸಮುದ್ರದ ಕಡೆಗೆ ಹೋಗುತ್ತದೆ. ಅಪ್ಪನ ಬೇರೆ ಹಾಳೆಯಿಂದ ಮುಖ್ಯ ನಕ್ಷೆಗೆ ಮರಳಿದ ಏಕೈಕ ಹೆಸರು ಬ್ರೆಗ್ ಹುಟ್ಟುವ ಈ ಜಾಗದ್ದು. ಮೋಟರ್‌ಹೋಮನ್ನು ಊರಿನಲ್ಲೇ ನಿಲ್ಲಿಸಿ ಟ್ಯಾಕ್ಸಿ ಮಾಡಿಕೊಂಡಾದರೂ ಹೋಗಿಬರುವುದೆಂದು ಬರೆದುಕೊಂಡೆವು.

ಆ ದಿನ ಎಷ್ಟು ಹೊತ್ತಾಗುತ್ತದೋ ಹೇಳಲಾಗದ್ದರಿಂದ ಆ ಒಂದು ರಾತ್ರಿಯನ್ನು ಮಾತ್ರ ಮುಂಗಡ ಕಾಯ್ದಿರಿಸದೆ, ದಾರಿಯಲ್ಲಿ ಬರುವ ಎರಡು ಸ್ಟೆಲ್‌ಪ್ಲಾಟ್ಸ್‌ಗಳ ವಿಳಾಸ ಬರೆದಿಟ್ಟುಕೊಂಡೆವು. ಅವು ಬಂದವರಿಗೆ ಬಂದ ಹಾಗೆ ಜಾಗ ಕೊಡುವಂಥವು. ನನ್ನ ಪ್ರಕಾರ ಎಂಥ ಬಿಗಿಯಾದ ಯೋಜನೆಯಲ್ಲೂ ಇಂಥ ಒಂದು ಸಡಿಲ ರಾತ್ರಿ ಇರಬೇಕು. ಎರಡು ಇದ್ದರೆ ಹಿರಿಯರಿಗೆ ಆತಂಕ.

ಕೊನೆಯ ದಿನಗಳಿಗೆ ಟಿಟಿಸೇ ಮತ್ತು ಷ್ಲುಖ್‌ಸೇ ಕೆರೆಗಳಲ್ಲಿ ಯಾವುದೆಂಬ ಪ್ರಶ್ನೆ ಬಂತು. ಟಿಟಿಸೇ ಹೆಚ್ಚು ಪ್ರಸಿದ್ಧ, ಜನಸಂದಣಿಯೂ ಹೆಚ್ಚು. ಷ್ಲುಖ್‌ಸೇ ಅಣೆಕಟ್ಟಿನಿಂದ ಹಿಗ್ಗಿದ, ಬ್ಲ್ಯಾಕ್ ಫಾರೆಸ್ಟಿನ ಅತಿ ದೊಡ್ಡ ಕೆರೆ. ಸುತ್ತಲೂ ಕಾಡು ಒತ್ತಾಗಿದೆ, ರೈಲು ದಡದಗುಂಟ ಓಡುತ್ತದೆ, 1,493 ಮೀಟರ್ ಎತ್ತರದ ಫೆಲ್ಡ್‌ಬರ್ಗ್ ಶಿಖರವೂ ದೂರವಿಲ್ಲ. ನಾಲ್ವರೂ ಷ್ಲುಖ್‌ಸೇಗೇ ಒಪ್ಪಿದೆವು. ಅಲ್ಲಿಂದ ಫ್ರೈಬುರ್ಗ್ ಕಡೆಗಿಳಿದು ಎ 5 ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದರೆ, ವಾಹನ ಹಿಂದಿರುಗಿಸುವ ಮುನ್ನ ಟ್ಯಾಂಕುಗಳನ್ನು ಖಾಲಿಮಾಡಿ ಒಳಗೆಲ್ಲ ಗುಡಿಸಿ ಒರೆಸಲು ಸಮಯ ಸಿಗುತ್ತದೆ. ಡೀಸೆಲ್ ಹೆದ್ದಾರಿಯ ಬಂಕಿಗಿಂತ ಊರೊಳಗೆ ಅಗ್ಗವಾದ್ದರಿಂದ ಅದನ್ನು ಫ್ರೈಬುರ್ಗ್‌ನ ಹೊರವಲಯದಲ್ಲೇ ತುಂಬಿಸುವುದೆಂದಾಯಿತು.

ಸೋಮವಾರ ಬೆಳಿಗ್ಗೆ ಕಾರ್ಯಾಲಯ ತೆರೆಯುತ್ತಿದ್ದಂತೆ ಷ್ಲುಖ್‌ಸೇಯ ಕ್ಯಾಂಪ್‌ಸೈಟಿಗೆ ಫೋನ್ ಮಾಡಿ, ಸ್ನಾನಗೃಹಕ್ಕೆ ಹತ್ತಿರವಿರುವ, ವಿದ್ಯುತ್ ಸಂಪರ್ಕವುಳ್ಳ, ಸಮತಟ್ಟಾದ ಜಾಗವೊಂದನ್ನು ಕೇಳಿದೆ. ವಾಹನದ ಉದ್ದ ಕೇಳಿದರು, ಹೇಳಿದೆ. ಎರಡನೆಯ ಸಾಲಿನಲ್ಲಿ ಜಾಗವಿದೆ, ಅಲ್ಲಿಂದಲೂ ನೀರು ಕಾಣುತ್ತದೆ ಎಂದರು. ಅದನ್ನೇ ಗೊತ್ತುಮಾಡಿ, ಕಿನ್ಸಿಗ್ ಕಣಿವೆಯ ನಂಬರಿಗೆ ಫೋನ್ ಹಚ್ಚಿದೆ.