ಗೇರಿಲ್ಲದ ಸೈಕಲ್ಲಿನಲ್ಲಿ ಏರು ಹತ್ತೋದು ಹೇಗೆ?

ಆಫೀಸಿನ ಗೇಟಿನಲ್ಲಿರುವ ಸೆಕ್ಯೂರಿಟಿಯಿಂದ ಹಿಡಿದು ನಮ್ಮ ಸೋದರಮಾವನವರೆಗೆ ಎಲ್ಲರೂ ಕೇಳುವುದು ಇದನ್ನೇ: "ಚೆನ್ನಾಗಿದ್ದ ಸೈಕಲ್ಲಿನ ಗೇರ್ ಯಾಕೆ ತೆಗೆಸಿದ್ರಿ? ಏರು ಬಂದ್ರೆ ಏನ್ಮಾಡ್ತೀರಿ?" ಈಚೆಗೆ ಇನ್ನೊಂದು ಸೇರಿಕೊಂಡಿದೆ: "ನನ್ನದೂ ಹಂಗೇ ಮಾಡಿಸ್ಬೇಕು, ಎಷ್ಟು ಹಲ್ಲಿಂದು ಹಾಕಿಸ್ಲಿ?"

ಯಾಕೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ದಿನಾ ಕೆಲಸಕ್ಕೆ ಓಡುವ ಸೈಕಲ್ಲು ಮಳೆಗಾಲದಲ್ಲಿ ರಾಡಿ, ಉಳಿದ ದಿನ ಧೂಳು ತಿನ್ನುತ್ತದೆ. ಗೇರ್ ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ ಡಿರೇಲರಿನ ಪುಟ್ಟ ಗಾಲಿಗಳಿಗೆ ಕೆಸರು ಮೆತ್ತಿಕೊಳ್ಳುತ್ತದೆ, ಕೇಬಲ್ ತುಕ್ಕು ಹಿಡಿಯುತ್ತದೆ, ಪಾರ್ಕಿಂಗಿನಲ್ಲಿ ಪಕ್ಕದ ಸ್ಕೂಟರ್ ಒರಗಿ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಸೊಟ್ಟಗಾಗುತ್ತದೆ. ಬೆಳಿಗ್ಗೆ ಹೊರಡುವ ಹೊತ್ತಿಗೆ ಗೇರ್ ಟ್ಯೂನ್ ಮಾಡುತ್ತ ಕೂರಲು ಯಾರಿಗೆ ಪುರುಸೊತ್ತು? ಒಂದೇ ಗೇರಿನ ಸೈಕಲ್ಲು ಕೇಳುವುದು ಆಗಾಗ ಚೈನು ಒರೆಸಿ ನಾಲ್ಕು ಹನಿ ಎಣ್ಣೆ ಬಿಡುವುದನ್ನಷ್ಟೇ. ಹಾಲಿನ ಕ್ಯಾನು, ಪೇಪರ್ ಕಟ್ಟು, ಅಂಚೆ ಚೀಲ ಹೊತ್ತವರೆಲ್ಲ ನಮ್ಮ ಊರುಗಳಲ್ಲಿ ದಶಕಗಟ್ಟಲೆ ತುಳಿದದ್ದು ಇಂಥ ಸೈಕಲ್ಲನ್ನೇ.

ಈಗ ಹಲ್ಲಿನ ಲೆಕ್ಕ. ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಬೆಂಗಳೂರು ಸಮತಟ್ಟಾದ ಊರು ಅನ್ನಿಸುವುದು ಕಾರಿನಲ್ಲಿ ಕೂತವರಿಗೆ. ಈ ಊರು ಕೂತಿರುವುದು ದಿಣ್ಣೆಯ ಮೇಲೆ. ಇಲ್ಲಿನ ಮಳೆನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಬೇರೆ ಬೇರೆ ಕಣಿವೆಗಳಿಗೆ ಹರಿಯುತ್ತದೆ. ಗಿರಿನಗರದಿಂದ ರಾಜಾಜಿನಗರಕ್ಕೆ ಹೋಗುವ ನಾನು ವೃಷಭಾವತಿ ಕಣಿವೆ ದಾಟಲೇಬೇಕು. ಮೈಸೂರು ರಸ್ತೆಯವರೆಗೆ ಇಳಿಜಾರು, ಆಮೇಲೆ ವಿಜಯನಗರದ ಕಡೆಗೆ ಏರು. ಸಂಜೆ ಅದೇ ತಿರುಗಾಮುರುಗಾ. ಬೆಳಗಿನ ಏರಿಗೆ ಕಾಲು ಹೊಸದಾಗಿರುತ್ತದೆ, ಅದರ ಚಿಂತೆ ಬೇಡ. ದಿನವಿಡೀ ದುಡಿದು, ಬೆನ್ನಿಗೆ ಚೀಲ ಏರಿಸಿಕೊಂಡು, ಬಸ್ಸುಗಳ ನಡುವೆ ನಿಂತು ನಿಂತು ಹತ್ತುವ ಸಂಜೆಯ ಏರು ಇದೆಯಲ್ಲ, ನಿಮ್ಮ ಗೇರನ್ನು ಆರಿಸಬೇಕಾದದ್ದು ಅದು.

ನನ್ನ ಸೈಕಲ್ಲಿನಲ್ಲಿ ಮುಂದಿನ ಚೈನ್‌ವೀಲಿಗೆ 42 ಹಲ್ಲು, ಹಿಂದಿನ ಫ್ರೀವೀಲಿಗೆ (ತುಳಿಯುವುದು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಹಲ್ಲುಚಕ್ರಕ್ಕೆ) 18. 42ನ್ನು 18ರಿಂದ ಭಾಗಿಸಿದರೆ 2.33, ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಅಷ್ಟು ಸುತ್ತು ತಿರುಗುತ್ತದೆ. 700ಸಿ ಅಳತೆಯ ಚಕ್ರಕ್ಕೆ 32 ಮಿ.ಮೀ. ಟೈರು ಹಾಕಿದರೆ ಸುತ್ತಳತೆ ಸುಮಾರು 2.15 ಮೀಟರ್. ಅಂದರೆ ಒಂದು ತುಳಿತಕ್ಕೆ 5 ಮೀಟರ್ ದಾರಿ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ಹಿಂದೆ 16 ಹಾಕಿಸಿದರೆ ಅದೇ ತುಳಿತಕ್ಕೆ 27 ಸಿಗುತ್ತದೆ, ನಿಜ. ಆದರೆ ಅರ್ಧ ಕಿಲೋಮೀಟರಿಗೊಂದು ಸಿಗ್ನಲ್ಲು, ಅದರ ನಡುವೆ ಹಂಪು ಇರುವ ಊರಿನಲ್ಲಿ ಆ ಹೆಚ್ಚುವರಿ ವೇಗ ತೆಗೆದುಕೊಂಡು ಏನು ಮಾಡುವುದು? ಸಿಗ್ನಲ್ ಬಿಟ್ಟ ಕೂಡಲೇ ಚಕ್ಕಂತ ಹೊರಡುವುದು ಇಲ್ಲಿ ಮುಖ್ಯ. ಅದಕ್ಕೆ ಹಗುರ ಗೇರೇ ಬೇಕು, ಅಂದರೆ ಹಿಂದೆ ಹಲ್ಲು ಹೆಚ್ಚಿರಬೇಕು. ಏರಿನಲ್ಲಿ ವೇಗ 10 ಕಿ.ಮೀ.ಗೆ ಬಿದ್ದರೂ 42-18ರಲ್ಲಿ ನಿಮಿಷಕ್ಕೆ 33 ಸುತ್ತು ಉಳಿಯುತ್ತದೆ. ಸೀಟಿನಿಂದ ಎದ್ದು ನಿಂತು, ಒಂದೇ ಲಯದಲ್ಲಿ ಮೈಭಾರ ಬಿಟ್ಟು ತುಳಿದರೆ ಸೈಕಲ್ಲು ಹತ್ತುತ್ತದೆ. ಏರು ಹತ್ತುವುದು ಹೀಗೆಯೇ.

ಆದರೆ ನನ್ನ ಲೆಕ್ಕ ನಿಮ್ಮ ಮಂಡಿಗೆ ಹೊಂದಲೇಬೇಕೆಂದಿಲ್ಲ. ಗೇರ್ ತೆಗೆಸುವ ಮುಂಚೆ ಒಂದು ವಾರ, ಇರುವ ಗೇರ್ ಸೈಕಲ್ಲನ್ನೇ ಒಂದೇ ಗೇರಿನಲ್ಲಿಟ್ಟು ಆಫೀಸಿಗೆ ಹೋಗಿಬನ್ನಿ. ಸಂಜೆಯ ಏರಿನಲ್ಲಿ ಇಳಿದು ತಳ್ಳುವಂತಾದರೆ ಮರುದಿನ ಒಂದು ಗೇರ್ ಹಗುರ ಮಾಡಿ. ಒಗ್ಗಿದ ಮೇಲೆ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಮುಂದಿನದನ್ನೂ ಹಿಂದಿನದನ್ನೂ ಎಣಿಸಿಕೊಳ್ಳಿ. ಅದೇ ನಿಮ್ಮ ಅಳತೆ. ಎರಡರ ನಡುವೆ ಅನುಮಾನ ಬಂದರೆ ಹಗುರದ್ದನ್ನೇ ಆರಿಸಿ.

ಮಾಡಿಸುವಾಗ ಮೊದಲು ನೋಡಬೇಕಾದದ್ದು ಹಿಂದಿನ ಆಕ್ಸೆಲ್ ಕೂರುವ ಸೀಳು. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ಅದು ಅಡ್ಡಕ್ಕೆ ಇರುತ್ತದೆ. ಚಕ್ರವನ್ನು ಹಿಂದಕ್ಕೆಳೆದು ಚೈನು ಬಿಗಿ ಮಾಡಬಹುದು. ಹೊಸ ಗೇರ್ ಸೈಕಲ್ಲುಗಳಲ್ಲಿ ಸೀಳು ನೆಟ್ಟಗೆ ಮೇಲಕ್ಕಿರುತ್ತದೆ, ಚಕ್ರ ಹಿಂದೆಮುಂದೆ ಸರಿಯುವುದಿಲ್ಲ, ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರೆ ಹಾಕಬೇಕು. ಹಾಗಾಗಿ ಮನೆಯ ಮೂಲೆಯಲ್ಲಿ ಧೂಳು ಹಿಡಿದ ಹಳೇ ಫ್ರೇಮು ಇದ್ದರೆ ಅದನ್ನೇ ಹೊರಗೆ ತೆಗೆಯಿರಿ.

ಆಮೇಲೆ ಚೈನಿನ ಗೆರೆ. ಫ್ರೇಮಿನ ನಡುಗೆರೆಯಿಂದ ಮುಂದಿನ ಹಲ್ಲುಗಳು ಎಷ್ಟು ದೂರವಿವೆಯೋ ಹಿಂದಿನವೂ ಅಷ್ಟೇ ದೂರ ಇರಬೇಕು. ಒಂದೆರಡು ಮಿ.ಮೀ. ಆಚೀಚೆಯಾದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಚೈನು ಗೊರಗೊರ ಅನ್ನುತ್ತದೆ, ಹಂಪು ಹಾರಿದಾಗ ಕಳಚಿ ಬೀಳುತ್ತದೆ. ಉದ್ದನೆಯ ಸ್ಟೀಲ್ ಸ್ಕೇಲನ್ನು ಮುಂದಿನ ಚೈನ್‌ವೀಲಿಗೆ ಒತ್ತಿ ಹಿಡಿದು ಹಿಂದಕ್ಕೆ ಚಾಚಿ ನೋಡಿದರೆ ಗೊತ್ತಾಗುತ್ತದೆ. ಗೇರ್ ಸೈಕಲ್ಲಿನ ಕ್ಯಾಸೆಟ್ಟಿನಿಂದ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನಿಂದ) ಬಿಚ್ಚಿದ ಹಲ್ಲುಚಕ್ರವನ್ನೇ ಹಾಕಿ ಮುಗಿಸಬೇಡಿ. ಚೈನು ಸುಲಭವಾಗಿ ಪಕ್ಕಕ್ಕೆ ಜಾರಲೆಂದೇ ಅದರ ಹಲ್ಲುಗಳನ್ನು ಗಿಡ್ಡವಾಗಿ, ಓರೆಯಾಗಿ ಕತ್ತರಿಸಿರುತ್ತಾರೆ. ನಮಗೆ ಬೇಕಾದದ್ದು ಚೈನನ್ನು ಬಿಡದೆ ಹಿಡಿಯುವ ಎತ್ತರದ ಹಲ್ಲು.

ಚೈನು ಬಿಗಿ ಮಾಡುವುದನ್ನು ಮಾತ್ರ ನೀವೇ ಕಲಿಯಿರಿ, ಅಂಗಡಿಗೆ ಬಿಡಬೇಡಿ. 15ರ ಸ್ಪ್ಯಾನರ್‌ನಿಂದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು ಚೈನಿನ ಕಡೆಯ ನಟ್ಟನ್ನು ಮೊದಲು ಬಿಗಿ ಮಾಡಿ. ಟೈರನ್ನು ಅದರ ಅಕ್ಕಪಕ್ಕದ ಫ್ರೇಮಿನ ಎರಡು ಕೊಳವೆಗಳ ನಡುಮಧ್ಯಕ್ಕೆ ತಂದು ಹಿಡಿದುಕೊಂಡೇ ಇನ್ನೊಂದನ್ನು ಬಿಗಿ ಮಾಡಿ. ಈಗ ಪೆಡಲನ್ನು ನಿಧಾನ ತಿರುಗಿಸುತ್ತ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ನೋಡಿ. ಚೈನ್‌ವೀಲ್ ಪೂರ್ತಿ ದುಂಡಗೆ ಇರುವುದು ಅಪರೂಪ. ಒಂದು ಕಡೆ ಚೈನು ಬಿಗಿಯುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ. ಅತಿ ಬಿಗಿಯಾದ ಜಾಗದಲ್ಲೂ ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ತಂತಿಯ ಹಾಗೆ ಬಿಗಿದರೆ ಬೇರಿಂಗು ಸವೆಯುತ್ತದೆ, ತುಳಿಯುವುದೂ ಭಾರ.

ಫ್ರಾನ್ಸಿನ ಹೆಸರಾಂತ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ 1937ರವರೆಗೆ ಡಿರೇಲರಿಗೆ ಅನುಮತಿಯೇ ಇರಲಿಲ್ಲ. ಹಿಂದಿನ ಚಕ್ರದ ಎರಡೂ ಕಡೆ ಬೇರೆ ಬೇರೆ ಹಲ್ಲುಚಕ್ರ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಅಂಥ ಎರಡು ಕಡೆಯ ಹಬ್ಬು (ಚಕ್ರದ ನಡುವಿನ ಗುಂಬ) ಈಗಲೂ ಸಿಗುತ್ತದೆ. ಒಂದು ಕಡೆ 18, ಇನ್ನೊಂದು ಕಡೆ 20 ಹಾಕಿಸಿಕೊಂಡರೆ ಚೈನು ಕತ್ತರಿಸುವ ಕೆಲಸವೂ ಇಲ್ಲ. ಹಿಂದಿನ ಒಂದು ಹಲ್ಲಿನ ವ್ಯತ್ಯಾಸಕ್ಕೆ ಆಕ್ಸೆಲ್ ಸರಿಯುವುದು ಸುಮಾರು 3 ಮಿ.ಮೀ. ಅಷ್ಟೇ. ಕೆಲವು ಹಬ್ಬುಗಳ ಒಂದು ಕಡೆ ಫ್ರೀವೀಲ್ ಇಲ್ಲದ, ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ನಿಲ್ಲದೆ ತಿರುಗುತ್ತಲೇ ಇರುವ ಫಿಕ್ಸೆಡ್ ಇರುತ್ತದೆ. ಆಟೋ, ಬಿ.ಎಂ.ಟಿ.ಸಿ. ಬಸ್ಸುಗಳ ನಡುವೆ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬ್ರೇಕು ಮುಂದೆ ಹಿಂದೆ ಎರಡೂ ಇರಲೇಬೇಕು. ರಿಮ್ ಅಲಾಯ್‌ನದೇ ಆಗಲಿ. ಮಿರುಗುವ ಸ್ಟೀಲ್ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕ್ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಪೂರಾ ಮಡ್‌ಗಾರ್ಡು, ಕ್ಯಾರಿಯರ್, ಹಿಂದೆ ಕೆಂಪು ದೀಪ ಹಾಕಿಸಿ. ಅಂದಕ್ಕೆಂದು ಇವನ್ನು ಕಳಚಿಡುವವರು ಜೂನ್ ಬರುವ ಹೊತ್ತಿಗೆ ಸೈಕಲ್ಲನ್ನೇ ಬಿಟ್ಟಿರುತ್ತಾರೆ. ಚೀಲದಲ್ಲಿ ಟ್ಯೂಬು, ಪಂಪಿನ ಜೊತೆ ಆ 15ರ ಸ್ಪ್ಯಾನರ್ ಇರಲೇಬೇಕು. ಅದಿಲ್ಲದೆ ಪಂಕ್ಚರ್ ಆದ ಚಕ್ರ ಬಿಚ್ಚಲಾಗದು.

ದಾವಣಗೆರೆ, ಮೈಸೂರಿನವರು ಕೇಳಿದರೆ ಕಣ್ಣು ಮುಚ್ಚಿಕೊಂಡು ಮಾಡಿಸಿ ಅನ್ನುತ್ತೇನೆ. ಮಡಿಕೇರಿಯವರಿಗೆ, ಮಂಗಳೂರಿನ ಕದ್ರಿ ಗುಡ್ಡ ದಿನಾ ಹತ್ತುವವರಿಗೆ, ಮಂಡಿನೋವು ಇರುವವರಿಗೆ ಅನ್ನುವುದಿಲ್ಲ. ಅವರು ಮೂರು ಗೇರಿನ ಹಬ್ಬು ಹುಡುಕಲಿ. ಅದರಲ್ಲಿ ಗೇರೆಲ್ಲ ಹಬ್ಬಿನ ಒಳಗೇ ಇರುತ್ತದೆ, ಕೆಸರು ತಾಗುವುದಿಲ್ಲ, ಚೈನು ಒಂದೇ ಗೆರೆಯಲ್ಲಿ ಓಡುತ್ತದೆ. ಸ್ಟರ್ಮಿ-ಆರ್ಚರ್ ಕಂಪನಿಯ ಹಳೇ ಮೂರು ಗೇರಿನ ಹಬ್ಬಿನಲ್ಲಿ ಕೆಳಗಿನ ಗೇರು ನಡುವಿನದಕ್ಕಿಂತ ಕಾಲುಭಾಗ ಹಗುರ; ಗುಡ್ಡದ ಊರಿಗೆ ಅಷ್ಟೂ ಸಾಲದಿದ್ದರೆ ಹಿಂದೆ 22 ಹಲ್ಲಿನದು ಹಾಕಿಸಿಕೊಳ್ಳಬಹುದು.